ಸ್ಟ್ರೋಕ್ ಯಾಕಾಯ್ತು ಅಂತ ಸ್ಕ್ಯಾನ್‌ನಲ್ಲಿ ಹುಡುಕೋದು ಹೇಗೆ

ಸ್ಟ್ರೋಕ್ ಆದಾಗ, ಅಂದ್ರೆ ಮೆದುಳಿನ ರಕ್ತನಾಳ ಹೆಪ್ಪಿನಿಂದ ಕಟ್ಟಿದಾಗ ಇಲ್ಲಾ ಒಡೆದಾಗ, ಮನೆಯವ್ರು ಮೊದ್ಲು ಕೇಳೋದು ಎಷ್ಟು ಡ್ಯಾಮೇಜ್ ಆಗಿದೆ, ಕೈಕಾಲು ಮೊದ್ಲಿನ ಥರ ಆಗತ್ತಾ ಅಂತ. ಅದು ಸಹಜ, ಆದ್ರೆ ಜೊತೆಗೆ "ಯಾಕಾಯ್ತು" ಅಂತಾನೂ ದಯವಿಟ್ಟು ಕೇಳಿ, ಇನ್ನೊಂದು ಸಲ ಆಗದ ಹಾಗೆ ಯಾವ ಮಾತ್ರೆ ಕೊಡ್ಬೇಕು ಅನ್ನೋದು ಅದ್ರ ಮೇಲೇ ನಿಂತಿರೋದು.

ಶುರು ಆಗೋದು ಸಾಮಾನ್ಯವಾಗಿ ಪ್ಲೇನ್ ಸಿಟಿಯಿಂದ, ಅಂದ್ರೆ ಯಾವ ಔಷಧಿನೂ ಚುಚ್ಚದೆ ತೆಗೆಯೋ ಸಿಟಿ ಸ್ಕ್ಯಾನಿಂದ. ರಕ್ತಸ್ರಾವ ಆಗಿದ್ರೆ ಆ ಜಾಗ ಬೆಳ್ಳಗೆ ಕಾಣತ್ತೆ, ಇದನ್ನ ನೋಡ್ದೆ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋ ಹಾಗೇ ಇಲ್ಲ. ರಕ್ತ ಮೆದುಳಿನ ಆಳದಲ್ಲಿದ್ರೆ ಹೆಚ್ಚಾಗಿ ಬಿಪಿ ಮೇಲೆ ಅನುಮಾನ, ವಯಸ್ಸಾದವ್ರಲ್ಲಿ ಹೊರಪದರದ ಹತ್ರ ಇದ್ರೆ ರಕ್ತನಾಳದ ಗೋಡೆಯಲ್ಲಿ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಸೇರ್ಕೊಂಡಿರಬಹುದು ಅಂತ ಯೋಚಿಸ್ತಾರೆ. ಒಂದು ಮಾತು, ಮೊದಲ ಕೆಲವು ಗಂಟೆಲಿ ಸಿಟಿ ನಾರ್ಮಲ್ ಬಂತು ಅಂದ ಮಾತ್ರಕ್ಕೆ ಸ್ಟ್ರೋಕ್ ಇಲ್ಲ ಅಂತಲ್ಲ, ರಕ್ತ ಸಿಗದ ಭಾಗ ಸಿಟಿಲಿ ಕಪ್ಪಾಗಿ ಕಾಣೋಕೆ ಸಮಯ ಹಿಡಿಯತ್ತೆ.

ಕಾರಣ ಹುಡುಕೋಕೆ ನಿಜವಾಗ್ಲೂ ಸಹಾಯ ಮಾಡೋದು ಎಂಆರ್‌ಐ, ಅದ್ರಲ್ಲೂ ಡಿಫ್ಯೂಷನ್ ಅನ್ನೋ ಸೀಕ್ವೆನ್ಸ್ (ಚಿತ್ರ ತೆಗೆಯೋ ಒಂದು ಬಗೆ). ಹೊಸದಾಗಿ ಪೆಟ್ಟು ತಿಂದ ಜಾಗ ಇದ್ರಲ್ಲಿ ಬಿಳಿ ಚುಕ್ಕೆಯಾಗಿ ಹೊಳೆಯತ್ತೆ. ರಿಪೋರ್ಟಲ್ಲಿ ಚುಕ್ಕೆ ಎಷ್ಟು ದೊಡ್ಡದು ಅಂತ ಮಾತ್ರ ನೋಡ್ಬೇಡಿ, ಎಲ್ಲೆಲ್ಲಿ ಇದೆ ಅಂತ ನೋಡಿ. ಎಡ ಬಲ ಎರಡೂ ಕಡೆ, ಮುಂದೆ ಹಿಂದೆ ಎಲ್ಲಾ ಚದುರಿದ್ರೆ ಹೆಪ್ಪು ಹೃದಯದಿಂದ ಹಾರಿ ಬಂದಿರೋ ಸಾಧ್ಯತೆ ಜಾಸ್ತಿ. ಒಂದೇ ಕಡೆ, ಒಂದೇ ರಕ್ತನಾಳದ ವ್ಯಾಪ್ತಿಲಿ ಸಾಲಾಗಿದ್ರೆ ಅದೇ ಬದಿಯ ಕುತ್ತಿಗೆ ನಾಳ ನೋಡ್ಬೇಕು. ಆಳದಲ್ಲಿ ಒಂದೇ ಒಂದು ಸಣ್ಣದು, ಸುಮಾರು 15 ಮಿಲಿಮೀಟರ್ ಒಳಗೆ ಇದ್ರೆ ಸಣ್ಣ ರಕ್ತನಾಳದ ಕಾಯಿಲೆ, ಅದ್ರ ಹಿಂದೆ ಬಿಪಿ ಶುಗರ್ ಇರೋದೇ ಹೆಚ್ಚು. ಎರಡು ದೊಡ್ಡ ನಾಳಗಳ ಗಡಿಲಿ, ಹೊಲದ ಕೊನೆಗೆ ನೀರು ತಲುಪದೆ ಒಣಗಿದ ಹಾಗೆ, ಚುಕ್ಕೆ ಇದ್ರೆ ಮೇಲಿನ ನಾಳ ಕಿರಿದಾಗಿದ್ಯಾ, ಬಿಪಿ ಇಳಿದಿತ್ತಾ ಅಂತ ಕೇಳ್ಬೇಕು. ಯಾವ ಅಪಧಮನಿಯ ವ್ಯಾಪ್ತಿಗೂ ಹೊಂದದೆ ಊದ್ಕೊಂಡು ರಕ್ತಾನೂ ಸೋರಿದ್ರೆ ರಕ್ತ ವಾಪಸ್ ಒಯ್ಯೋ ಸಿರೆಲಿ ಹೆಪ್ಪು ಇರಬಹುದು, ಅದಕ್ಕೆ ಸಿರೆಗಳನ್ನ ನೋಡೋ ಸ್ಕ್ಯಾನ್ ವೆನೋಗ್ರಾಮ್.

ಇದ್ರ ಜೊತೆ ರಕ್ತನಾಳ ನೋಡೋ ಆಂಜಿಯೋಗ್ರಾಮ್ ತಲೆಗೆ ಮಾತ್ರ ಅಲ್ಲ, ಕುತ್ತಿಗೆಗೂ ಆಗಿದ್ಯಾ ಕೇಳಿ. ವಯಸ್ಸು ಚಿಕ್ಕದಿದ್ದು ಕುತ್ತಿಗೆ ನೋವಿತ್ತು ಅಂದ್ರೆ ಅಲ್ಲಿನ ನಾಳದ ಗೋಡೆ ಸೀಳಿರೋ ಚಾನ್ಸ್ ಇರತ್ತೆ, ತಲೆ ಮಾತ್ರ ನೋಡಿದ್ರೆ ಅದು ತಪ್ಪಿ ಹೋಗಬಹುದು. ಪೇಸ್‌ಮೇಕರ್, ಮೆಟಲ್ ಕ್ಲಿಪ್, ಕಿಡ್ನಿ ತೊಂದ್ರೆ, ಹಿಂದೆ ನಾಳ ಎದ್ದು ಕಾಣೋಕೆ ಚುಚ್ಚೋ ಕಾಂಟ್ರಾಸ್ಟ್‌ಗೆ ಅಲರ್ಜಿ ಆಗಿದ್ದು, ಎಲ್ಲಾ ಸ್ಕ್ಯಾನ್‌ಗೆ ಮುಂಚೇನೇ ಹೇಳ್ಬಿಡಿ.

ಆದ್ರೂ ಸ್ಕ್ಯಾನ್ ತೋರಿಸೋದು ದಾರಿ ಅಷ್ಟೇ. ಚುಕ್ಕೆಗಳು ಹೃದಯದ ಕಡೆ ಬೆರಳು ತೋರಿಸ್ತಿದ್ದು ಇಸಿಜಿ ನಾರ್ಮಲ್ ಬಂತು ಅಂದ್ರೆ ಅಲ್ಲಿಗೇ ಬಿಡ್ಬೇಡಿ, ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಬಡಿತ ತಾಳ ತಪ್ಪಿ ಒಳಗೆ ಹೆಪ್ಪು ಕಟ್ಟಬಹುದಾದ ತೊಂದ್ರೆ) ಬಂದು ಹೋಗ್ತಾ ಇರೋದುಂಟು, ಇಸಿಜಿ ತೆಗೆದ ಹೊತ್ತಲ್ಲಿ ಇಲ್ದೇ ಇರಬಹುದು, ಅದು ಸಿಕ್ರೆ ಆಸ್ಪಿರಿನ್ ಸಾಕಾಗಲ್ಲ, ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಬೇರೆ ಮಾತ್ರೆ ಬೇಕಾಗತ್ತೆ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡ್ಸಿದ್ರಾ, ಮೈಗೆ ಅಂಟಿಸಿ ಹೃದಯ ಬಡಿತ ದಾಖಲಿಸೋ ಹೋಲ್ಟರ್ ಜಾಸ್ತಿ ದಿನ ಹಾಕಬಹುದಾ ಅಂತ ನ್ಯೂರಾಲಜಿಸ್ಟ್ ಹತ್ರ ನೇರವಾಗಿ ಕೇಳಿ.