ಹಳೆ ಸಿಡಿ, ಶೂ ಡಬ್ಬ, ಒಂದು ಬ್ಲೇಡು: ಮನೆಯಲ್ಲೇ ರೋಹಿತದರ್ಶಕ

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದಾಗಲೆಲ್ಲ ನಾನು ಈ ಡಬ್ಬವನ್ನು ಹುಡುಕುತ್ತೇನೆ. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಡಬ್ಬ. ಎಲ್ಲಾದರೂ ಒಂದು ಇದ್ದೇ ಇರುತ್ತದೆ. ಕಣ್ಣಿಟ್ಟು ನೋಡಿದರೆ ಒಳಗೆ ಕಾಮನಬಿಲ್ಲಿನ ಹಾಗೆ ಏನೋ ಒಂದು. "ಚೆನ್ನಾಗಿದೆ ಅಲ್ವಾ ಸಾರ್?" ಅಂತ ಮಕ್ಕಳು ಕೇಳುತ್ತಾರೆ. ಚೆನ್ನಾಗೇನೋ ಇರುತ್ತದೆ, ಆದರೆ ಅದರಲ್ಲಿ ಕಾಣಬೇಕಾದ ಗೆರೆಗಳೇ ಇರುವುದಿಲ್ಲ. ತಪ್ಪು ಯಾವಾಗಲೂ ಒಂದೇ ಕಡೆ: ಸೀಳುಗಂಡಿ, ಅಂದರೆ ಬೆಳಕು ಡಬ್ಬದೊಳಗೆ ಬರುವ ಸಣ್ಣ ಸೀಳು.

ಡಬ್ಬ. ಗಂಡಸರ ಶೂ ಬರುವ, ಸುಮಾರು 30 ಸೆಂ.ಮೀ. ಉದ್ದದ ಡಬ್ಬ ಆರಿಸಿ. ಒಳಗೆಲ್ಲ ಕಪ್ಪು ಕಾಗದ ಅಂಟಿಸಿ. ಹೊಳೆಯುವ ಕಪ್ಪು ಬಣ್ಣ ಮಾತ್ರ ಬಳಿಯಬೇಡಿ, ಅದು ಬೆಳಕನ್ನು ಎಲ್ಲೆಡೆ ಚೆಲ್ಲುತ್ತದೆ.

ಸಿಡಿ. ಸಿಡಿಯೇ ಆಗಬೇಕು, ಡಿವಿಡಿ ಅಲ್ಲ. ಸಿಡಿಯ ಮೇಲೆ ಸುತ್ತುಸುತ್ತಾಗಿ ಇರುವ ಅತಿ ಸಣ್ಣ ಗೀರುಗಳ ನಡುವಿನ ಅಂತರ 1.6 ಮೈಕ್ರೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ 625 ಗೀರು. ಡಿವಿಡಿಯಲ್ಲಿ ಈ ಅಂತರ 0.74 ಮಾತ್ರ. ಅದರಲ್ಲಿ ಬಣ್ಣಗಳು ತೀರಾ ಓರೆಯಾಗಿ ಹೋಗಿ ನಮ್ಮ ಡಬ್ಬದ ಪಕ್ಕದ ಗೋಡೆಗೆ ಬೀಳುತ್ತವೆ. ಮದುವೆ ವಿಡಿಯೊದ ಡಿಸ್ಕ್ ಮುಟ್ಟುವ ಮೊದಲು ಮನೆಯಲ್ಲಿ ಒಂದು ಮಾತು ಕೇಳಿ.

ಹೆಸರು ಬರೆಯುವ ಬದಿಯಲ್ಲಿ ಚಾಕುವಿನಿಂದ ಒಂದು ಗೀರು ಎಳೆಯಿರಿ. ಅಗಲದ ಟೇಪನ್ನು ಒತ್ತಿ ಅಂಟಿಸಿ ಜಗ್ಗಿ. ಬೆಳ್ಳಿ ಪದರ ಎದ್ದು ಬಂದು ಪಾರದರ್ಶಕ ಪ್ಲಾಸ್ಟಿಕ್ ಉಳಿಯುತ್ತದೆ. ಬರೆಯುವ ಸಿಡಿಯಾದರೆ ಸುಲಭವಾಗಿ ಬರುತ್ತದೆ. ಉಳಿದ ಬಣ್ಣವನ್ನು ಸ್ಯಾನಿಟೈಸರಿನಿಂದ ಒರೆಸಿ. ಹೊರ ಅಂಚಿನಿಂದ ಎರಡು ಸೆಂ.ಮೀ. ಚೌಕ ಕತ್ತರಿಸಿಕೊಳ್ಳಿ.

ಸೀಳುಗಂಡಿ. ಇಲ್ಲಿ ಅವಸರ ಬೇಡ. ಡಬ್ಬದೊಳಗೆ ನೀವು ನೋಡುವ ಪ್ರತಿಯೊಂದು ಗೆರೆಯೂ ಈ ಗಂಡಿಯದೇ ಚಿತ್ರ, ಬಣ್ಣಕ್ಕೊಂದರಂತೆ. ಗಂಡಿ ಅರ್ಧ ಸೆಂ.ಮೀ. ಅಗಲವಿದ್ದರೆ ಗೆರೆಯೂ ಅಷ್ಟೇ ದಪ್ಪ. ದಪ್ಪ ಪಟ್ಟಿಗಳು ಒಂದರ ಮೇಲೊಂದು ಏರಿ ಕೂತರೆ ಕಾಣುವುದು ಬರೀ ಕಾಮನಬಿಲ್ಲು. ರಟ್ಟನ್ನೇ ಕತ್ತರಿಯಿಂದ ಸೀಳಿದರೆ ಅಂಚು ನಾರುನಾರಾಗುತ್ತದೆ. ಅಡುಗೆಮನೆಯ ಫಾಯಿಲ್ ಸುಕ್ಕಾಗುತ್ತದೆ. ನನ್ನ ಮಾತು ಕೇಳಿ, ಎರಡು ಅಂಚಿನ ಶೇವಿಂಗ್ ಬ್ಲೇಡನ್ನೇ ತನ್ನಿ. ಇದು ದೊಡ್ಡವರ ಕೆಲಸ.

ಬ್ಲೇಡನ್ನು ಅದರ ಕಾಗದದೊಳಗೇ ಇಟ್ಟು ಉದ್ದಕ್ಕೆ ಬಾಗಿಸಿ, ಎರಡು ಹೋಳಾಗುತ್ತದೆ. ಡಬ್ಬದ ಚಿಕ್ಕ ಗೋಡೆಯಲ್ಲಿ 1 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ ಕಿಟಕಿ ಕೊರೆಯಿರಿ. ನಡುವೆ ಅಲ್ಲ, ಎದುರು ಗೋಡೆಯಿಂದ ನೋಡುವವರ ಎಡಕ್ಕೆ, ಮೂಲೆಯಿಂದ ಮೂರು ಸೆಂ.ಮೀ. ದೂರದಲ್ಲಿ. ಒಂದು ಹೋಳನ್ನು ಹರಿತದ ಅಂಚು ಕಿಟಕಿಯ ಮಧ್ಯಕ್ಕೆ ಬರುವಂತೆ ಹೊರಗಿನಿಂದ ಟೇಪಿನಲ್ಲಿ ಕೂರಿಸಿ. ಆ ಅಂಚಿಗೆ ಎರಡು ಜೆರಾಕ್ಸ್ ಹಾಳೆ ಜೋಡಿಸಿ ತಾಗಿಸಿ, ಇನ್ನೊಂದು ಹೋಳನ್ನು ಅದಕ್ಕೆ ಮೆಲ್ಲಗೆ ಒತ್ತಿ ಅಂಟಿಸಿ, ಹಾಳೆ ಎಳೆದುಬಿಡಿ. ಉಳಿದ ಸಂದಿ ಸುಮಾರು 0.2 ಮಿ.ಮೀ. ಬೆಳಕಿಗೆ ಹಿಡಿದು ನೋಡಿ. ಮೇಲಿಂದ ಕೆಳಗಿನವರೆಗೆ ಒಂದೇ ಸಮನೆ ಕೂದಲೆಳೆಯಂತೆ ಕಾಣಬೇಕು. ಒಂದು ತುದಿ ಅಗಲವಾಗಿದ್ದರೆ ಬಿಚ್ಚಿ ಮತ್ತೆ ಅಂಟಿಸಿ. ನಾನಂತೂ ಮೊದಲ ಸಲಕ್ಕೆ ಸರಿಯಾಗಿ ಕೂರಿಸಿದ್ದೇ ಇಲ್ಲ.

ಜೋಡಣೆ. ಎದುರು ಗೋಡೆಯಲ್ಲಿ, ಗಂಡಿಗೆ ನೇರವಾಗಿ, ಕಣ್ಣಿಡಲು ತೂತು ಮಾಡಿ ಸಿಡಿ ತುಂಡು ಅಂಟಿಸಿ. ಸಿಡಿಯ ಗೀರುಗಳು ಗಂಡಿಯಂತೆಯೇ ನೆಟ್ಟಗೆ ನಿಲ್ಲಬೇಕು. ಬಣ್ಣಗಳು ಬಲಕ್ಕೆ ಬರುವ ಬದಲು ಮೇಲೆ ಕೆಳಗೆ ಹೋದರೆ ತುಂಡನ್ನು ಕಾಲು ಸುತ್ತು ತಿರುಗಿಸಿ. ಮುಚ್ಚಳ ಹಾಕಿ, ಅಂಚಿಗೆಲ್ಲ ಟೇಪ್ ಸುತ್ತಿ. ಕಡ್ಡಿಯಷ್ಟು ಸಂದಿಯಲ್ಲಿ ಬೆಳಕು ನುಸುಳಿದರೂ ಮಂಕು ಗೆರೆಗಳು ಮಾಯ.

ಗೀರುಗಳ ನಡುವೆ ತೂರಿದ ಅಲೆಗಳ ಉಬ್ಬು ಉಬ್ಬಿಗೆ ಸೇರಿದ ಕೋನದಲ್ಲಿ ಮಾತ್ರ ಬೆಳಕು ಜೋರಾಗಿ ಕಾಣುತ್ತದೆ. ತರಂಗದೂರ, ಅಂದರೆ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ, ಬಣ್ಣಕ್ಕೊಂದು; ಅದು ಬೇರೆಯಾದರೆ ಕೋನವೂ ಬೇರೆ. ಕೆಂಪು ಇಲ್ಲಿ ಜಾಸ್ತಿ ತಿರುಗುತ್ತದೆ. ಗಾಜಿನ ಪಟ್ಟಕದಲ್ಲಿ (ಪ್ರಿಸಂ) ಜಾಸ್ತಿ ಬಾಗುವುದು ನೇರಳೆ. ಈ ವ್ಯತ್ಯಾಸ ಕೇಳಿದರೆ ಹತ್ತರಲ್ಲಿ ಎಂಟು ಮಕ್ಕಳು ತಡವರಿಸುತ್ತಾರೆ.

ಅಳತೆ. ಗಂಡಿಯ ಗೋಡೆಯಲ್ಲಿ, ಗಂಡಿಯ ಕೆಳತುದಿಯ ಮಟ್ಟಕ್ಕೆ, ಗಂಡಿಯಿಂದ 8ರಿಂದ 14 ಸೆಂ.ಮೀ. ದೂರದವರೆಗೆ ಸೆಂಟಿಮೀಟರಿಗೊಂದು ಸೂಜಿತೂತು ಮಾಡಿ. ಕೋಣೆಯ ಬೆಳಕಿನಲ್ಲಿ ಅವು ಚುಕ್ಕೆಗಳಾಗಿ ಕಾಣುತ್ತವೆ. ಅದೇ ನಿಮ್ಮ ಸ್ಕೇಲು. ಸಿಎಫ್‌ಎಲ್ ಬಲ್ಬಿನ ಹಸಿರು ಗೆರೆ 11 ಸೆಂ.ಮೀ.ನಲ್ಲಿ ಕಂಡಿತು ಅನ್ನಿ. ಡಬ್ಬದ ಉದ್ದ 30. ಕಣ್ಣಿನ ತೂತಿನಿಂದ ಗೆರೆಗೆ ಓರೆ ದೂರ 31.95. ಸಿಡಿಯ ಗೀರುಗಳ ಅಂತರ 1.6 ಮೈಕ್ರೋಮೀಟರ್ ಅಂದರೆ 1600 ನ್ಯಾನೊಮೀಟರ್; 11ನ್ನು 31.95ರಿಂದ ಭಾಗಿಸಿ 1600ರಿಂದ ಗುಣಿಸಿದರೆ ತರಂಗದೂರ 551 ನ್ಯಾನೊಮೀಟರ್. ಬಲ್ಬಿನೊಳಗಿನ ಪಾದರಸದ ಆ ಗೆರೆಯ ನಿಜವಾದ ತರಂಗದೂರ 546. ಶೂ ಡಬ್ಬಕ್ಕೆ ಇನ್ನೇನು ಬೇಕು! ರೆಕಾರ್ಡ್ ಪುಸ್ತಕದಲ್ಲಿ ಸುಮ್ನೆ 546 ಅಂತ ತಿದ್ದಬೇಡಿ.

ಏನು ನೋಡುವುದು? ಹಳೆ ಗುಂಡು ಬಲ್ಬಿನಲ್ಲಿ ಗೆರೆಯಿಲ್ಲದ ಅಖಂಡ ಪಟ್ಟಿ. ಬಿಳಿ ಎಲ್‌ಇಡಿಯಲ್ಲಿ ನೀಲಿ ಜೋರು, ಹಸಿರಿಗೆ ಹೋಗುವ ಮುಂಚೆ ಒಂದು ಮಂಕು ಜಾಗ. ಹಗಲಿನಲ್ಲಿ ಆಕಾಶಕ್ಕೆ ಹಿಡಿಯಿರಿ, ಸೂರ್ಯನ ಕಡೆಗೆ ಮಾತ್ರ ಖಂಡಿತ ಬೇಡ. ಗಂಡಿ ಸಣ್ಣಗಿದ್ದರೆ ಪಟ್ಟಿಯಲ್ಲಿ ಕಪ್ಪು ಗೆರೆಗಳು ಕಂಡಾವು. 1814ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಇಂಥ ಐನೂರಕ್ಕೂ ಹೆಚ್ಚು ಗೆರೆಗಳನ್ನು ಗುರುತಿಸಿದ್ದ.

ನನಗೆ ಅತಿ ಇಷ್ಟದ್ದು ಅಡುಗೆಮನೆಯಲ್ಲಿದೆ. ರಾತ್ರಿ ದೀಪ ಆರಿಸಿ, ಗ್ಯಾಸ್ ಹಚ್ಚಿ, ಡಬ್ಬವನ್ನು ದೂರದಿಂದ ಹಿಡಿದು, ಉರಿಗೆ ಒಂದು ಚಿಟಿಕೆ ಉಪ್ಪು ಉದುರಿಸಿ. 589 ನ್ಯಾನೊಮೀಟರಿನ ಹಳದಿ ಗೆರೆ ಥಟ್ಟನೆ ಹೊತ್ತಿ ಆರುತ್ತದೆ. ಅದು ಸೋಡಿಯಂ. ಹೀಲಿಯಂನ ಹಳದಿ ಗೆರೆ ಇರುವುದೂ ಇದರ ಪಕ್ಕದಲ್ಲೇ, 587.6ರಲ್ಲಿ. ಎರಡನ್ನೂ ಬೇರೆ ಮಾಡಿ ತೋರಿಸುವುದು ನಮ್ಮ ಡಬ್ಬಕ್ಕೆ ಆಗದ ಮಾತು.

ಆಮೇಲೆ ಬರ್ನರ್ ಒರೆಸಿಡಿ. ಉಪ್ಪು ಉಳಿದರೆ ಬೆಳಿಗ್ಗೆ ಕಾಫಿಗೆ ಒಲೆ ಹಚ್ಚಿದಾಗಲೂ ಉರಿ ಹಳದಿಯಾಗಿಯೇ ಬರುತ್ತದೆ, ಬೈಸಿಕೊಳ್ಳುವುದು ನೀವೇ.