ನಿಮ್ಮ ಪುಸ್ತಕಕ್ಕೆ ನೀವೇ ಪ್ರಕಾಶಕರಾಗಿ

ಕತೆ, ಕವಿತೆ ಬರೆದು ಕಪಾಟಿನಲ್ಲೇ ಇಟ್ಟುಕೊಂಡವರು ವಿಜಯಪುರ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಪ್ರಕಾಶಕರಿಗೆ ಕಳಿಸಿ ಉತ್ತರಕ್ಕೆ ಕಾದು ಕೈಬಿಟ್ಟವರೂ ಇದ್ದಾರೆ. ಅಂಥವರಿಗೆ ಸ್ವಂತ ಪ್ರಕಾಶನ ಒಳ್ಳೆಯ ದಾರಿ. ಈ ಊರಿಗೆ ಅದು ಹೊಸದೂ ಅಲ್ಲ. ವಚನಗಳನ್ನು ಅಚ್ಚು ಹಾಕಿಸಲು ಫ. ಗು. ಹಳಕಟ್ಟಿಯವರು ತಮ್ಮ ಮನೆ ಮಾರಿ, 1925ರಲ್ಲಿ ಇಲ್ಲೇ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು. ಈಗ ಮನೆ ಮಾರಬೇಕಿಲ್ಲ. ಆದರೆ ಪ್ರಕಾಶಕರು ಮಾಡುವ ಅಷ್ಟೂ ಕೆಲಸ ನಿಮ್ಮ ಹೆಗಲಿಗೆ ಬರುತ್ತದೆ.

ಮೊದಲು ಬರಹವನ್ನು ಬೇರೆಯವರಿಂದ ಓದಿಸಿ. ಹೊಗಳುವ ಗೆಳೆಯರು ಸಾಲದು. ತಪ್ಪನ್ನು ಮುಖದ ಮೇಲೆ ಹೇಳುವ ಕನ್ನಡ ಮಾಸ್ತರೊಬ್ಬರು ಬೇಕು. ನಿಮ್ಮದು ಮೊದಲ ಪುಸ್ತಕವಾಗಿದ್ದು, ವಯಸ್ಸು ಚಿಕ್ಕದಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳ ಮೇಲೆ ಕಣ್ಣಿಡಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಅಲ್ಲಿ ಪ್ರೋತ್ಸಾಹಧನವಿದೆ. ಅರ್ಜಿ ಹಾಕುವುದಿದ್ದರೆ ಅಚ್ಚಿಗೆ ಕೊಡುವ ಮುಂಚೆಯೇ ವಿಚಾರಿಸಿ.

ಮುಂದಿನದು ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ) ಮತ್ತು ಪ್ರೂಫ್ (ತಪ್ಪು ತಿದ್ದಲು ತೆಗೆಯುವ ಕರಡು ಪ್ರತಿ). ನನ್ನ ಪ್ರಕಾರ ಪುಸ್ತಕದ ಮರ್ಯಾದೆ ಉಳಿಯುವುದು ಇಲ್ಲೇ. ಮೊಬೈಲ್‌ನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಡಿಟಿಪಿಯವರು ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸುವಾಗ ಕೆಲವು ಅಕ್ಷರ ಕೆಡುತ್ತವೆ. ಅರ್ಕಾವತ್ತು, ಎರಡೆರಡು ಒತ್ತು ಇರುವ ಕಡೆ ಇದು ಜಾಸ್ತಿ. ‘ಸೂರ್ಯ’, ‘ರಾಷ್ಟ್ರ’ದಂಥ ಪದಗಳನ್ನು ಹುಡುಕಿ ಹುಡುಕಿ ನೋಡಿ. ಪ್ರೂಫನ್ನು ಕಾಗದದ ಮೇಲೆ ತೆಗೆಸಿ, ಕೆಂಪು ಪೆನ್ನು ಹಿಡಿದು ಓದಿ. ಎರಡನೇ ಪ್ರೂಫ್ ಬಂದಾಗ ತಿದ್ದಿದ ಸಾಲಿನ ಹಿಂದು ಮುಂದಿನ ಸಾಲನ್ನೂ ನೋಡಬೇಕು. ಒಂದು ತಪ್ಪು ತಿದ್ದುವಾಗ ಪಕ್ಕದ ಪದ ಅಳಿಸಿಹೋಗಿರುತ್ತದೆ.

ಪುಟಗಳ ಲೆಕ್ಕ ಹೀಗಿದೆ. ನಮ್ಮಲ್ಲಿ ಹೆಚ್ಚು ಪುಸ್ತಕ ಬರುವುದು ಡೆಮಿ 1/8 ಅಳತೆಯಲ್ಲಿ, ಅಂದರೆ ಡೆಮಿ ಅನ್ನುವ ದೊಡ್ಡ ಹಾಳೆಯ ಎಂಟನೇ ಒಂದು ಭಾಗ. ಒಂದು ಹಾಳೆಯ ಎರಡೂ ಬದಿ ಸೇರಿ ಅಚ್ಚಾಗುವ ಪುಟಗಳಿಗೆ ಫಾರಂ ಅನ್ನುತ್ತಾರೆ, ಒಂದು ಫಾರಂಗೆ 16 ಪುಟ. 128 ಪುಟವಾದರೆ ಸರಿಯಾಗಿ 8 ಫಾರಂ. 131 ಪುಟವಾದರೆ ಆ ಮೂರು ಪುಟಕ್ಕೆಂದೇ ಇನ್ನೊಂದು ಅರ್ಧ ಫಾರಂ ದುಡ್ಡು ಕೊಡಬೇಕು. ಅಕ್ಷರದ ಗಾತ್ರ, ಸಾಲಿನ ಅಂತರ ಸ್ವಲ್ಪ ಹೊಂದಿಸಿದರೆ ಉಳಿತಾಯ ಆಗುತ್ತದೆ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಅರ್ಜಿ ಆನ್‌ಲೈನ್‌ನಲ್ಲೇ. ಸಂಖ್ಯೆಗೇ ದುಡ್ಡು ಕೇಳಿದರೆ ಕೊಡಬೇಡಿ. ಹಕ್ಕುಸ್ವಾಮ್ಯ ನೀವು ಬರೆದಾಗಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಪುಸ್ತಕದ ಎಲ್ಲ ಕೆಲಸ ಒಟ್ಟಿಗೆ ಮಾಡಿಕೊಡುವ ‘ಪ್ಯಾಕೇಜ್’ ಕೊಡುವವರ ಕರಾರು ಪತ್ರಕ್ಕೆ ಸಹಿ ಹಾಕುವ ಮುಂಚೆ ಹಕ್ಕು ಯಾರ ಹೆಸರಿನಲ್ಲಿದೆ ಅಂತ ಓದಿ ನೋಡಿ.

ಬೆಲೆ ಇಡುವಾಗ ಅವಸರ ಬೇಡ. ಒಂದು ಪ್ರತಿಗೆ 60 ರೂಪಾಯಿ ಖರ್ಚು ಬಿದ್ದಿದೆ ಅಂದುಕೊಳ್ಳಿ. 100 ರೂಪಾಯಿ ಬೆಲೆ ಇಟ್ಟು, ಅಂಗಡಿಯವರಿಗೆ ನೂರಕ್ಕೆ 40ರಂತೆ ಕಮಿಷನ್ ಬಿಟ್ಟರೆ ನಿಮಗೆ ಏನೂ ಉಳಿಯುವುದಿಲ್ಲ. 150 ಇಟ್ಟರೆ 30 ರೂಪಾಯಿ ಕೈಗೆ ಬರುತ್ತದೆ, ಅಂಚೆ ಖರ್ಚೂ ಅದರಲ್ಲೇ. ಹೆಚ್ಚು ಹಾಕಿಸಿದರೆ ಪ್ರತಿಗೆ ಖರ್ಚು ಕಡಿಮೆ ಅನ್ನುವುದು ನಿಜ. ಆದರೂ ಮೊದಲ ಸಲ 200-300 ಪ್ರತಿ ಸಾಕು. ಕಟ್ಟು ಬಿಚ್ಚದ ಪುಸ್ತಕಗಳು ಮನೆಯಲ್ಲಿ ಗೆದ್ದಲು ಹಿಡಿಯಬಾರದು ಅಲ್ವಾ.

ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು, ಇದು 1954ರ ಕಾನೂನು. ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು. ನಮ್ಮ ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಖರೀದಿಗೆ ಅರ್ಜಿ ಕರೆದಾಗ ನೀವೂ ಹಾಕಿ. ಅದಕ್ಕೆಂದು ಒಂದಷ್ಟು ಪ್ರತಿ ತೆಗೆದಿಟ್ಟಿರಿ.