ಎಲೆಚೂರಿನಿಂದ ಬಿಳಿ ಚಿಗುರಿನವರೆಗೆ: ಸ್ಟ್ರಾಬೆರಿಯ ಜೀನ್ ತಿದ್ದಿದ ನನ್ನ ಅನುಭವ

ಸ್ಟ್ರಾಬೆರಿಯ ಜೀನ್ ತಿದ್ದಲು ಹೊರಟವರು ಮೊದಲು ಕೇಳುವುದು ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್ ತಂತ್ರದ ಬಗ್ಗೆ. ನಾನು ಅವರಿಗೆ ಮೊದಲು ಹೇಳುವುದು ಅಂಗಾಂಶ ಕೃಷಿಯ, ಅಂದರೆ ಗಿಡದ ಚೂರಿನಿಂದ ಪ್ರಯೋಗಾಲಯದಲ್ಲಿ ಹೊಸ ಗಿಡ ಬೆಳೆಸುವುದರ ಬಗ್ಗೆ. ಡಿಎನ್‌ಎ ಕತ್ತರಿಸುವುದು ಈಗ ಅಷ್ಟು ಕಷ್ಟವಲ್ಲ. ಹಾಗೆ ಬದಲಾದ ಒಂದೇ ಒಂದು ಜೀವಕೋಶದಿಂದ ಇಡೀ ಗಿಡವನ್ನು ಎಬ್ಬಿಸುವುದರಲ್ಲಿಯೇ ಶ್ರಮವೆಲ್ಲ ಹೋಗುತ್ತದೆ.

ನಾನು ಶುರು ಮಾಡಿದ್ದು ‘ಹವಾಯಿ 4’ ಎಂಬ ಕಾಡು ಸ್ಟ್ರಾಬೆರಿಯಿಂದ. ಇದು ಫ್ರಗೇರಿಯಾ ವೆಸ್ಕಾ ಜಾತಿಯದು. ವರ್ಣತಂತುಗಳು 14 ಮಾತ್ರ, ಜೀನೋಮ್ ನಕ್ಷೆ 2011ರಲ್ಲಿಯೇ ಪ್ರಕಟವಾಗಿದೆ. ತೋಟದ ಸ್ಟ್ರಾಬೆರಿಯಲ್ಲಿ ವರ್ಣತಂತುಗಳು 56. ಅಲ್ಲಿ ಒಂದು ಜೀನ್‌ಗೆ ಎಂಟು ಪ್ರತಿಗಳಿರಬಹುದು, ಅಷ್ಟನ್ನೂ ಒಟ್ಟಿಗೆ ನಿಷ್ಕ್ರಿಯಗೊಳಿಸಬೇಕಾಗುತ್ತದೆ. ಕೈ ಪಳಗುವವರೆಗೆ ಕಾಡು ಜಾತಿಯೇ ವಾಸಿ.

ಮೊದಲ ಗುರಿಯಾಗಿ ಪಿಡಿಎಸ್ ಜೀನ್ ಹಿಡಿದೆ. ಅದು ಕೆಟ್ಟರೆ ಎಲೆಯಲ್ಲಿ ಕ್ಯಾರೊಟಿನಾಯ್ಡ್ ಎಂಬ ಹಳದಿ-ಕಿತ್ತಳೆ ವರ್ಣದ್ರವ್ಯ ತಯಾರಾಗುವುದಿಲ್ಲ, ಬೆಳಕಿಗೆ ಪತ್ರಹರಿತ್ತು ಉಳಿಯುವುದಿಲ್ಲ, ಚಿಗುರು ಬೆಳ್ಳಗಾಗುತ್ತದೆ. ತಿದ್ದುಪಡಿ ಆಗಿದೆಯೇ ಎಂಬುದು ಬರಿಗಣ್ಣಿಗೇ ತಿಳಿಯುತ್ತದೆ.

ಎಳೆಯ ಎಲೆಗಳ ಚೂರುಗಳನ್ನು ಅಗ್ರೊಬ್ಯಾಕ್ಟೀರಿಯಂ ದ್ರಾವಣದಲ್ಲಿ ಅದ್ದಿ, ಎರಡು ಮೂರು ದಿನ ಕತ್ತಲಲ್ಲಿ ಇಡುತ್ತೇನೆ. ನಿಸರ್ಗದಲ್ಲಿ ಗಿಡಗಳಿಗೆ ಗಂಟುರೋಗ ತರುವ ಬ್ಯಾಕ್ಟೀರಿಯಾ ಇದು. ಗಂಟು ತರಿಸುವ ಜೀನ್‌ಗಳನ್ನು ತೆಗೆದು, ಆ ಜಾಗದಲ್ಲಿ ನಮಗೆ ಬೇಕಾದ ಡಿಎನ್‌ಎ ಇಟ್ಟಿರುತ್ತೇವೆ. ಕ್ರಿಸ್ಪರ್‌ನ ಕತ್ತರಿಯಾದ ಕ್ಯಾಸ್9 ಪ್ರೋಟೀನಿನ ಜೀನ್ ಅದರಲ್ಲಿರುತ್ತದೆ, ಬ್ಯಾಕ್ಟೀರಿಯಾ ಅದನ್ನು ಗಿಡದ ಕೋಶಕ್ಕೆ ಸೇರಿಸುತ್ತದೆ. ಬಳಿಕ ಚೂರುಗಳನ್ನು ತೊಳೆದು, ಬ್ಯಾಕ್ಟೀರಿಯಾ ಕೊಲ್ಲುವ ಸೆಫೊಟಾಕ್ಸಿಮ್, ಚಿಗುರು ಬರಿಸುವ ಹಾರ್ಮೋನು ಮತ್ತು ಆ ಡಿಎನ್‌ಎ ಸೇರದ ಕೋಶಗಳನ್ನು ಕೊಲ್ಲುವ ಹೈಗ್ರೊಮೈಸಿನ್ ಇರುವ ಪೋಷಕ ಮಾಧ್ಯಮಕ್ಕೆ ವರ್ಗಾಯಿಸುತ್ತೇನೆ.

ಇಡೀ ಕೆಲಸದ ಜೀವಾಳ ಆ ಹೈಗ್ರೊಮೈಸಿನ್ ಪ್ರಮಾಣ. ಕಡಿಮೆಯಾದರೆ ಬದಲಾಗದ ಚಿಗುರುಗಳೂ ನುಸುಳಿ ಬರುತ್ತವೆ. ಹೆಚ್ಚಾದರೆ ಸುತ್ತಲಿನ ಕೋಶಗಳು ಒಮ್ಮೆಲೇ ಸತ್ತು, ಅವುಗಳಿಂದ ಹೊರಬಂದ ಫಿನಾಲ್ ಎಂಬ ರಾಸಾಯನಿಕಗಳಿಂದ ಮಾಧ್ಯಮ ಕಂದಾಗಿ, ನಮಗೆ ಬೇಕಾದ ಕೋಶವೂ ಅವುಗಳ ಜೊತೆಗೇ ಸಾಯುತ್ತದೆ. ಬೇರೆಯವರ ಪ್ರಬಂಧದಲ್ಲಿರುವ ಅಂಕಿಯನ್ನು ನಾನು ಎಂದೂ ಹಾಗೆಯೇ ತೆಗೆದುಕೊಳ್ಳುವುದಿಲ್ಲ. ನನ್ನದೇ ಗಿಡದ, ಬ್ಯಾಕ್ಟೀರಿಯಾ ಸೋಕದ ಎಲೆಚೂರುಗಳನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಇಟ್ಟು, ಒಂದೂ ಚಿಗುರು ಬಾರದ ಅತಿ ಕಡಿಮೆ ಪ್ರಮಾಣವನ್ನು ಆರಿಸುತ್ತೇನೆ. ತಳಿ ಬದಲಾದರೆ ಈ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು. ಬೇಸರದ ಕೆಲಸ ಹೌದು, ಆದರೆ ತಿಂಗಳುಗಟ್ಟಲೆ ಸಮಯ ಉಳಿಯುತ್ತದೆ.

ಮೊದಲು ಬರುವ ಚಿಗುರುಗಳಲ್ಲಿ ಕೆಲವು ಬಿಳಿ-ಹಸಿರು ಪಟ್ಟೆಯವು. ಅವುಗಳಲ್ಲಿ ಬದಲಾದ ಕೋಶ, ಬದಲಾಗದ ಕೋಶ ಎರಡೂ ಬೆರೆತಿರುತ್ತವೆ. ಬಿಳಿ ಭಾಗವನ್ನಷ್ಟೇ ಕತ್ತರಿಸಿ, ಅದರಿಂದ ಮತ್ತೊಮ್ಮೆ ಚಿಗುರು ಬರಿಸಬೇಕು. ಪೂರ್ತಿ ಬಿಳಿಯ ಗಿಡ ಮಾಧ್ಯಮದ ಸಕ್ಕರೆಯಲ್ಲಿ ಬದುಕುತ್ತದೆ, ಮಣ್ಣಿನಲ್ಲಿ ಬದುಕುವುದಿಲ್ಲ. ಆದ್ದರಿಂದ ವಿಧಾನ ಕೈಗೆ ಹತ್ತಿದ ಮೇಲೆ ಹಣ್ಣಿನ ಕೆಂಪು ಬಣ್ಣವನ್ನು ನಿಯಂತ್ರಿಸುವ ಎಂವೈಬಿ10 ಜೀನ್‌ಗೆ ಬಂದೆ.

ತಿದ್ದುಪಡಿ ಆದ ಮೇಲೆ ಕ್ಯಾಸ್9 ಜೀನ್ ಗಿಡದಲ್ಲಿ ಉಳಿಯಬೇಕಾಗಿಲ್ಲ. ಕಾಡು ಸ್ಟ್ರಾಬೆರಿಯಲ್ಲಿ ಸ್ವಪರಾಗಸ್ಪರ್ಶದ ಬೀಜ ಬಿತ್ತಿ, ಆ ಜೀನ್ ಇಲ್ಲದ ಸಸಿಗಳನ್ನು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಮಾಡಿ ಹುಡುಕಬಹುದು. ಬಳ್ಳಿಕಾಂಡದಿಂದ ಬೆಳೆಸುವ ತೋಟದ ತಳಿಗೆ ಆ ದಾರಿಯಿಲ್ಲ. ಬೀಜಕ್ಕೆ ಬಿಟ್ಟರೆ ತಳಿಯ ಗುಣಗಳೇ ಚದುರಿಹೋಗುತ್ತವೆ. ಅದಕ್ಕಾಗಿಯೇ ಈಗ ಕೋಶಭಿತ್ತಿ ಕಳಚಿದ ಕೋಶಗಳಿಗೆ ಸಿದ್ಧ ಕ್ಯಾಸ್9 ಪ್ರೋಟೀನನ್ನೇ ಸೇರಿಸುವ ಪ್ರಯತ್ನದಲ್ಲಿದ್ದೇನೆ. ಪ್ರೋಟೀನ್ ತನ್ನ ಕೆಲಸ ಮುಗಿಸಿ ಕೋಶದೊಳಗೇ ಇಲ್ಲವಾಗುತ್ತದೆ. ಆದರೆ ಅಂಥ ಬೆತ್ತಲೆ ಕೋಶದಿಂದ ಗಿಡ ಎಬ್ಬಿಸುವುದು ಎಲೆಚೂರಿನಿಂದ ಎಬ್ಬಿಸುವುದಕ್ಕಿಂತ ಬಹಳ ಕಠಿಣ.